ನೂಲುವವಳು ಬೈಗುಳವಾದ ಕಥೆ

ಹಳ್ಳಿಯ ಶಾಲೆ. ಇಂಗ್ಲಿಷ್ ವ್ಯಾಕರಣದ ಪಾಠ. ಲಿಂಗ ಬದಲಾಯಿಸಿ ಅಂತಾರೆ ಮೇಷ್ಟ್ರು. ‘ಬ್ಯಾಚುಲರ್’ ಅಂದರೆ ಮಕ್ಕಳು ‘ಸ್ಪಿನ್‌ಸ್ಟರ್’ ಅಂತ ಕೂಗಬೇಕು. ‘ಮಾಸ್ಟರ್’ ಅಂದರೆ ‘ಮಿಸ್ಟ್ರೆಸ್’. ‘ಗವರ್ನರ್’ ಅಂದರೆ ‘ಗವರ್ನೆಸ್’. ನಾವೂ ಹೀಗೇ ಬಾಯಿಪಾಠ ಮಾಡಿದವರು, ತಪ್ಪಿದಾಗ ಬೆತ್ತದ ರುಚಿ ಕಂಡವರು. ಈ ಜೋಡಿಗಳು ನಿಜಕ್ಕೂ ಸರಿಜೋಡಿಯೇ ಅಂತ ಆವತ್ತು ಕೇಳಲಿಲ್ಲ. ಈಗ ಕೇಳುತ್ತಿದ್ದೇವೆ.

ಸ್ಪಿನ್‌ಸ್ಟರ್ ಅಂದರೆ ನೂಲುವವಳು. 14ನೇ ಶತಮಾನದ ಇಂಗ್ಲೆಂಡಿನಲ್ಲಿ ಅದು ಕಸುಬಿನ ಹೆಸರು. 17ನೇ ಶತಮಾನದ ಹೊತ್ತಿಗೆ ಕಾನೂನಿನ ಕಾಗದಗಳಲ್ಲಿ ಮದುವೆಯಾಗದ ಹೆಂಗಸು ಎಂದಾಯಿತು. ಆಮೇಲೆ ಗಂಡು ಸಿಗದೆ ಮೂಲೆಗೆ ಬಿದ್ದವಳು ಎಂಬ ಹೀಯಾಳಿಕೆ. ದುಡಿಮೆ ಅಳಿಸಿಹೋಯಿತು, ಗಂಡನಿಲ್ಲ ಅನ್ನುವುದೊಂದೇ ಉಳಿಯಿತು. ಬ್ಯಾಚುಲರನಿಗೆ ಯಾವ ಮಸಿಯೂ ಅಂಟಲಿಲ್ಲ. ಅವನ ಹೆಸರಿನಲ್ಲಿ ವಿಶ್ವವಿದ್ಯಾಲಯಗಳು ಪದವಿಯನ್ನೇ ಕೊಡುತ್ತವೆ! ಇಂಗ್ಲೆಂಡ್ ಮತ್ತು ವೇಲ್ಸ್‌ನ ಮದುವೆ ದಾಖಲೆಯಿಂದ ಸ್ಪಿನ್‌ಸ್ಟರ್ ತೊಲಗಿದ್ದು 2005ರಲ್ಲಿ. ನಮ್ಮ ಮಕ್ಕಳ ಬಾಯಿಂದ ಇನ್ನೂ ತೊಲಗಿಲ್ಲ.

ಮಾಸ್ಟರ್ ಒಡೆಯನಾಗಿಯೇ ಉಳಿದ. ಒಡತಿಯಾಗಿದ್ದ ಮಿಸ್ಟ್ರೆಸ್ ‘ಇಟ್ಟುಕೊಂಡವಳು’ ಆದಳು. ಗವರ್ನರ್ ಆಳುತ್ತಾನೆ; ಗವರ್ನೆಸ್ ಶ್ರೀಮಂತರ ಮಕ್ಕಳಿಗೆ ಪಾಠ ಹೇಳುವ ಸಂಬಳದಾಳು. ಮನೆವಾರ್ತೆ ನೋಡುವ ಹೌಸ್‌ವೈಫ್ ಬಾಯಲ್ಲಿ ಸವೆದು ‘ಹಸ್ಸಿ’ ಆಯಿತು, ಹಸ್ಸಿ ಅಂದರೆ ನಾಚಿಕೆಗೆಟ್ಟವಳು ಎಂದಾಯಿತು. ಗಟ್ಟಿ ದನಿಯಲ್ಲಿ ಜಗಳಕ್ಕೆ ನಿಂತವಳು ‘ಸ್ಕೋಲ್ಡ್’. ಅದು ಬರೀ ಬೈಗುಳವಲ್ಲ, ಅಪರಾಧ. ಕುರ್ಚಿಗೆ ಕಟ್ಟಿ ನೀರಲ್ಲಿ ಮುಳುಗಿಸುತ್ತಿದ್ದರು. ಆ ಅಪರಾಧ ಇಂಗ್ಲೆಂಡಿನ ಕಾನೂನಿನಿಂದ ರದ್ದಾದದ್ದು 1967ರಲ್ಲಿ!

ಮೈಗೆ ಇಟ್ಟ ಹೆಸರುಗಳನ್ನು ನೋಡಿ. ವಜೈನಾ ಅಂದರೆ ಲ್ಯಾಟಿನ್‌ನಲ್ಲಿ ಕತ್ತಿಯ ಒರೆ. ಕತ್ತಿ ಯಾರದು ಅಂತ ಬೇರೆ ಹೇಳಬೇಕೆ? ಪುಡೆಂಡಮ್ ಅಂದರೆ ನಾಚಬೇಕಾದದ್ದು. ಮಗು ಹುಟ್ಟುವ ದಾರಿ ನಾಚಿಕೆಯಂತೆ! ಅಂಗರಚನೆಯ ಅಂತರರಾಷ್ಟ್ರೀಯ ಪದಪಟ್ಟಿ ಈ ಪದವನ್ನು ಕೈಬಿಟ್ಟದ್ದು 2019ರಲ್ಲಿ. ಹಿಸ್ಟೀರಿಯಾ ಹುಟ್ಟಿದ್ದು ಗ್ರೀಕರ ‘ಗರ್ಭಕೋಶ’ ಎಂಬ ಪದದಿಂದ. ಗರ್ಭಕೋಶ ಮೈಯೊಳಗೆ ಅಲೆದು ರೋಗ ತರುತ್ತದೆಂದು ಅವರು ನಂಬಿದ್ದರು. ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯಿಂದ ಆ ಹೆಸರನ್ನು ತೆಗೆದದ್ದು 1980ರಲ್ಲಿ. ಎದುರು ಮಾತಾಡಿದ ಹೆಣ್ಣಿಗೆ ನಮ್ಮಲ್ಲಿ ಇವತ್ತೂ ‘ಹಿಸ್ಟೀರಿಯಾ’ ಅನ್ನುವ ಸುಶಿಕ್ಷಿತರಿದ್ದಾರೆ.

ದುಡಿಯುವವರ ಹೆಸರನ್ನೇ ಬೈಗುಳ ಮಾಡುವ ಈ ಹುನ್ನಾರ ನಮಗೇನು ಹೊಸದಲ್ಲ. ನಮ್ಮ ಕೇರಿಗಳ ಹೆಸರನ್ನು ಬೈಗುಳ ಮಾಡಿದವರೂ ದುಡಿಯದೆ ಉಂಡವರೇ. ಹೆಸರಿಡುವ ಅಧಿಕಾರ ಯಾರ ಕೈಲಿದೆಯೋ ಯಜಮಾನಿಕೆಯೂ ಅವರದೇ.

ಹಾಗಂತ ಇಂಗ್ಲಿಷ್ ಬೇಡ, ಕನ್ನಡವೇ ಪವಿತ್ರ ಅನ್ನುವವರ ಜೊತೆ ನಾವಿಲ್ಲ. ಇಂಗ್ಲಿಷ್ ಕಲಿಯಿರಿ ಅಂತ ಸಾವಿತ್ರಿಬಾಯಿ ಫುಲೆ 1854ರ ಕವಿತೆಗಳಲ್ಲೇ ಕರೆ ಕೊಟ್ಟರು. ಇನ್ನು ಕನ್ನಡವೇನು ಕಮ್ಮಿಯೆ? ‘ಬಂಜೆ’ಗೆ, ‘ಮುಂಡೆ’ಗೆ ಗಂಡುಜೋಡಿ ಎಲ್ಲಿದೆ, ತೋರಿಸಿ. ನಮ್ಮ ಜಗಳ ಭಾಷೆಯ ಜೊತೆಯಲ್ಲ, ಅದರ ಗದ್ದುಗೆ ಏರಿ ಕೂತವರ ಜೊತೆ.

ಹೆಣ್ಣುಮಕ್ಕಳು ತಾವೇ ಪದ ಕಟ್ಟಿದಾಗ ಏನಾಗುತ್ತದೆ ನೋಡಿ. ಕೆಲಸದ ಜಾಗದ ಕಿರುಕುಳ ಮೊದಲೂ ಇತ್ತು, ಅದಕ್ಕೆ ಹೆಸರಿರಲಿಲ್ಲ. 1975ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹೆಂಗಸರು ಅದನ್ನು ‘ಸೆಕ್ಷುಯಲ್ ಹೆರಾಸ್‌ಮೆಂಟ್’ ಎಂದರು. 1992ರಲ್ಲಿ ರಾಜಸ್ಥಾನದಲ್ಲಿ, ಬಾಲ್ಯವಿವಾಹ ತಡೆಯುವ ಕೆಲಸಕ್ಕಿಳಿದಿದ್ದ ಕುಂಬಾರರ ಭಾಂವರಿ ದೇವಿಯ ಮೇಲೆ ಅತ್ಯಾಚಾರ ನಡೆಯಿತು. ಆರೋಪಿಗಳು ಮೇಲುಜಾತಿಯವರು. 1995ರಲ್ಲಿ ಕೆಳ ನ್ಯಾಯಾಲಯ ಅವರನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಆದರೆ ಆಕೆಯಿಂದ ಹೊತ್ತಿದ ಹೋರಾಟ ಆರಲಿಲ್ಲ. 1997ರ ವಿಶಾಖಾ ತೀರ್ಪಿನಲ್ಲಿ ಅದೇ ಪದ ಸುಪ್ರೀಂ ಕೋರ್ಟಿನ ಮಾರ್ಗಸೂಚಿಯಾಯಿತು. ಬಿಳಿ ಹೆಂಗಸರ ‘ಫೆಮಿನಿಸ್ಟ್’ ತಮ್ಮ ಬಾಳಿಗೆ ಸಾಲದೆಂದು ಕಪ್ಪು ಲೇಖಕಿ ಆಲಿಸ್ ವಾಕರ್ ‘ವುಮನಿಸ್ಟ್’ ಎಂಬ ಪದವನ್ನೇ ಮುಂದಿಟ್ಟರು. ಹೆಸರು ಸಿಕ್ಕ ನೋವು ದೂರಾಗುತ್ತದೆ, ದೂರು ಕಾನೂನಾಗುತ್ತದೆ.

ಮೇಷ್ಟ್ರೇ, ನಾಳೆ ಆ ಪಟ್ಟಿ ಬಂದಾಗ ಬೆತ್ತ ಕೆಳಗಿಡಿ. ನೂಲುವವಳ ಕಥೆ ಹೇಳಿ. ಕೊನೆಯ ಸಾಲಲ್ಲಿ ಕೂತ ಹುಡುಗಿಗೆ ಕೇಳಿ: ನಿನ್ನವ್ವ ಬೆಳಗಿಂದ ಬೈಗಿನವರೆಗೆ ಮಾಡುವ ಕೆಲಸಕ್ಕೆ ನೀನು ಏನು ಹೆಸರಿಡುತ್ತೀ? ಅವಳು ಹೇಳುವುದನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆಯಿರಿ.