ದಿನಾಂಕ ಮುಖ್ಯವೋ, ಗುರಿ ಮುಖ್ಯವೋ?

ಬೆಂಗಳೂರಿನಲ್ಲಿ 2008ರಲ್ಲಿ ವಿಶ್ವ 10ಕೆ ಓಟ ಆರಂಭವಾದಂದಿನಿಂದ ದೂರದ ಓಟವು ವೃತ್ತಿಪರ ಕ್ರೀಡಾಪಟುಗಳಿಗಷ್ಟೇ ಮೀಸಲಾಗಿ ಉಳಿದಿಲ್ಲ. ಕಬ್ಬನ್ ಉದ್ಯಾನದಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಕು ಹರಿಯುವ ಹೊತ್ತಿಗೆ ಓಡುವವರಲ್ಲಿ ಬ್ಯಾಂಕ್ ನೌಕರರೂ ಇದ್ದಾರೆ, ಸಾಫ್ಟ್‌ವೇರ್ ಉದ್ಯೋಗಿಗಳೂ ಇದ್ದಾರೆ. ಹತ್ತು ಕಿ.ಮೀ. ಮುಗಿಸಿದವರ ಕಣ್ಣು ಸಹಜವಾಗಿಯೇ ಜನವರಿಯ ಮುಂಬೈ ಮ್ಯಾರಥಾನ್‌ನ ಮೇಲೆ ಬೀಳುತ್ತದೆ. ತಿಂಗಳುಗಟ್ಟಲೆ ಬೆವರು ಸುರಿಸಿದ ಮೇಲೆ ಮಂಡಿಯೋ ಮೀನಖಂಡವೋ ಕೈಕೊಟ್ಟರೆ? ಓಟ ಬಿಡುವುದು ಇಲ್ಲವೇ ನೋವು ನುಂಗಿ ಓಡುವುದು ಎಂಬ ಎರಡೇ ದಾರಿಗಳು ಬಹುತೇಕರಿಗೆ ಕಾಣುತ್ತವೆ. ಮೂರನೆಯದೂ ಇದೆ ಎಂಬುದಕ್ಕೆ ಮ್ಯಾರಥಾನ್ ಇತಿಹಾಸದಲ್ಲೇ ನಿದರ್ಶನಗಳಿವೆ.

ಹದಿನೇಳು ದಿನಗಳ ಅಂತರ

ಅಮೆರಿಕದ ಜೋನ್ ಬೆನೊಯಿಟ್ 1983ರಲ್ಲಿ ಬಾಸ್ಟನ್‌ನಲ್ಲಿ 2 ಗಂಟೆ 22 ನಿಮಿಷ 43 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಅಂದಿನ ವಿಶ್ವಶ್ರೇಷ್ಠ ಸಾಧನೆ ಮಾಡಿದ್ದರು. ಮರುವರ್ಷ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಮೊದಲ ಬಾರಿಗೆ ನಡೆಯುವುದಿತ್ತು. ಆದರೆ ಮಾರ್ಚ್‌ನಲ್ಲಿ ಅಭ್ಯಾಸದ ನಡುವೆಯೇ ಬಲಮಂಡಿ ಹಿಡಿದುಕೊಂಡಿತು. ಏಪ್ರಿಲ್ 25ರಂದು ಶಸ್ತ್ರಚಿಕಿತ್ಸೆ, ಮೇ 12ರಂದು ತಂಡದ ಆಯ್ಕೆ ಓಟ. ನಡುವೆ ಉಳಿದಿದ್ದು ಹದಿನೇಳು ದಿನ. ಕಾಲಿಗೆ ಕೆಲಸ ಕೊಡಲಾಗದ ದಿನಗಳಲ್ಲಿ ಅವರು ಕೈಗಳಿಂದಲೇ ಪೆಡಲ್ ತಿರುಗಿಸಿ ಹೃದಯ, ಶ್ವಾಸಕೋಶಗಳ ಕಸುವು ಕಾಯ್ದುಕೊಂಡರು. ಆಯ್ಕೆ ಓಟದಲ್ಲಿ ಗೆದ್ದರು. ಆಗಸ್ಟ್ 5ರಂದು ಲಾಸ್ ಏಂಜಲೀಸ್‌ನಲ್ಲಿ ಚಿನ್ನವನ್ನೂ ಗೆದ್ದರು.

ಆದರೆ ಇದನ್ನು ಕೇವಲ ಛಲದ ಕಥೆಯೆಂದು ಬಗೆಯುವುದು ಸರಿಯಾಗದು. ಅವರ ಮಂಡಿಗೆ ಅಡ್ಡಿಯಾಗಿದ್ದ ಅಂಗಾಂಶವನ್ನು ವೈದ್ಯರು ತೆಗೆದುಹಾಕಿದ್ದರು. ಮೂಳೆ ಬಿರುಕು ಬಿಟ್ಟಿರಲಿಲ್ಲ. ಅಷ್ಟಾಗಿಯೂ ಆತುರದ ಮರುಅಭ್ಯಾಸದಲ್ಲಿ ಇನ್ನೊಂದು ಕಾಲಿನ ತೊಡೆಯ ಹಿಂಭಾಗದ ಸ್ನಾಯು ನೊಂದಿತ್ತು.

ಎರಡು ಸೋಲು, ಎರಡು ಗೆಲುವು

ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಅವರ ಅನುಭವ ಇದರ ಇನ್ನೊಂದು ಮುಖ. 2003ರಲ್ಲಿ ಲಂಡನ್‌ನಲ್ಲಿ 2:15:25ರ ವಿಶ್ವದಾಖಲೆ ಬರೆದಿದ್ದ ಅವರು 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಮುನ್ನ ಕಾಲುನೋವಿಗೆ ಒಳಗಾದರು. ಉರಿಯೂತ ತಗ್ಗಿಸಲು ನುಂಗಿದ ಮಾತ್ರೆಗಳು ಹೊಟ್ಟೆಯನ್ನು ಕೆಡಿಸಿದವು; 36 ಕಿ.ಮೀ. ಆಸುಪಾಸಿನಲ್ಲಿ ರಸ್ತೆ ಬದಿಯಲ್ಲಿ ಕುಸಿದು ಕುಳಿತರು. 2008ರಲ್ಲಿ ತೊಡೆಮೂಳೆಯ ಬಿರುಕಿನಿಂದ ಇನ್ನೂ ಪೂರ್ಣ ಚೇತರಿಸಿಕೊಳ್ಳದೆ ಬೀಜಿಂಗ್‌ನಲ್ಲಿ ಓಡಿ 23ನೆಯವರಾದರು. ಗಮನಿಸಬೇಕಾದ ಸಂಗತಿಯೆಂದರೆ, ಎರಡೂ ವರ್ಷ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದವರು ಅವರೇ. ಸಾಮರ್ಥ್ಯಕ್ಕೆ ಕುಂದು ಬಂದಿರಲಿಲ್ಲ, ದೇಹ ಸಿದ್ಧವಾಗಲು ಇನ್ನೂ ಕೆಲವು ವಾರಗಳು ಬೇಕಿದ್ದವು.

ದೇಹದ ಲೆಕ್ಕಾಚಾರ

ತರಬೇತಿಗೆ ಹೃದಯ ಮತ್ತು ಸ್ನಾಯುಗಳು ಕೆಲವೇ ವಾರಗಳಲ್ಲಿ ಸ್ಪಂದಿಸುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಏದುವುದಿಲ್ಲವೆಂದು ಓಟದ ದೂರವನ್ನು ಏಕಾಏಕಿ ಹೆಚ್ಚಿಸುವ ಹೊಸಬರಿಗೆ ಪೆಟ್ಟು ಬೀಳುವುದು ಈ ಅಂತರದಲ್ಲಿಯೇ. ಗಾಯ ಮಾಗುವವರೆಗೆ ಈಜುಕೊಳದ ಆಳ ನೀರಿನಲ್ಲಿ ನೆಲಕ್ಕೆ ಕಾಲು ತಾಗದಂತೆ ಓಡುವ ಅಭ್ಯಾಸದಿಂದ ನಾಲ್ಕರಿಂದ ಆರು ವಾರ ದಮ್ಮು ಉಳಿಸಿಕೊಳ್ಳಬಹುದೆಂಬುದು ಅಧ್ಯಯನಗಳಿಂದ ಕಂಡುಬಂದಿದೆ. ಕೊಳ ಸಿಗದವರಿಗೆ, ಗಾಯ ಅವಕಾಶ ಕೊಟ್ಟರೆ, ಸೈಕಲ್ ಇದೆ.

ಆದರೆ ಎಲ್ಲ ನೋವೂ ಒಂದೇ ಅಲ್ಲ. ನಡಿಗೆಯ ಭಂಗಿಯನ್ನೇ ಬದಲಿಸುವ ನೋವು, ಮೂಳೆಯ ಒಂದೇ ಬಿಂದುವಿನಲ್ಲಿ ಒತ್ತಿದರೆ ಚುಚ್ಚುವ ನೋವು, ತೊಡೆಸಂದಿನ ಆಳದ ನೋವು ಕಂಡರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣುವುದೇ ವಿವೇಕ. ಮಾತ್ರೆ ನುಂಗಿ ಓಡಿದರೆ ಎಚ್ಚರಿಕೆಯ ಗಂಟೆಯ ಸದ್ದಡಗುತ್ತದೆಯೇ ಹೊರತು ಬಿರುಕು ಕೂಡುವುದಿಲ್ಲ. ಬಿಸಿಲಿನಲ್ಲಿ ಬೆವರು ಹರಿಸಿ ಗಂಟೆಗಟ್ಟಲೆ ಓಡುವವರಿಗೆ ಐಬುಪ್ರೊಫೇನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೂ ಅಪಾಯ ತರಬಲ್ಲವು.

ಒಲಿಂಪಿಕ್ಸ್ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ಬೆನೊಯಿಟ್, ರ‍್ಯಾಡ್‌ಕ್ಲಿಫ್ ಅಪಾಯಕ್ಕೆ ಒಡ್ಡಿಕೊಂಡಿದ್ದಕ್ಕೆ ಅದು ಕಾರಣ. ನಗರದ ಹವ್ಯಾಸಿ ಓಟಗಾರರಿಗೆ ಅಂಥ ಒತ್ತಡವಿಲ್ಲ. ಮುಂಬೈ ಓಟ ಪ್ರತಿ ಜನವರಿಗೂ ಬರುತ್ತದೆ. 42 ಕಿ.ಮೀ. ಓಡಬೇಕೆಂಬ ಗುರಿಯನ್ನು ಬಿಡಬೇಕಿಲ್ಲ. ಇದೇ ವರ್ಷ ಓಡಿಯೇ ತೀರಬೇಕೆಂಬ ಹಟವನ್ನು ಬಿಟ್ಟರೆ ಸಾಕು.