‘ಸಿಸ್ಟರ್’ ಅಂತ ಕರೀತೀರಿ, ಫೀಸಿನ ಹೊತ್ತಿಗೆ ಎಲ್ಲಿರ್ತೀರಿ?

ಮೊನ್ನೆ ದಾವಣಗೆರೆ ಮಂಡಿಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೂತಿದ್ದೆ. ಟವೆಲ್ ಕೊಳ್ಳುವುದು ನೆಪ, ಸಾಹುಕಾರರ ಜತೆ ಹರಟೆಯೇ ಮುಖ್ಯ. ಅಷ್ಟರಲ್ಲಿ ಜಗಳೂರು ಕಡೆಯ ಒಬ್ಬ ರೈತ ಮಗಳನ್ನು ಕರೆದುಕೊಂಡು ಬಂದ. ಹುಡುಗಿಗೆ ನರ್ಸಿಂಗ್ ಸೀಟು ಸಿಕ್ಕಿದೆಯಂತೆ. ಕೈಯಲ್ಲಿ ಕಾಲೇಜಿನವರು ಬರೆದುಕೊಟ್ಟ ಚೀಟಿ. ಯೂನಿಫಾರಂ ಎರಡು ಜತೆ, ಶೂ, ಪುಸ್ತಕ, ಅದು ಇದು. ಅಪ್ಪ ಬಟ್ಟೆಯ ರೇಟು ಕೇಳಿದ, ಬೆರಳು ಮಡಚಿ ಲೆಕ್ಕ ಹಾಕಿದ, ಕೊನೆಗೆ ‘ಒಂದ್ ಜತಿ ಸಾಕು ಬಿಡ್ರೀ’ ಅಂದ.

‘ಎರಡು ಬೇಕಂತಪ್ಪಾ’ ಅಂತ ಮಗಳು ಮೆಲ್ಲಗೆ ಅಂದಳು.

‘ರಾತ್ರಿ ಒಗದು ಹಾಕು. ಮುಂಜಾನಿಗೆ ಒಣಗ್ತತಿ.’

ಆಕೆ ಮತ್ತೆ ಮಾತಾಡಲಿಲ್ಲ.

ಅವರು ಹೋದ ಐದು ನಿಮಿಷಕ್ಕೆ ರಸೀದಿ ಪುಸ್ತಕ ಹಿಡಿದ ನಾಲ್ಕು ಜನ ಬಂದರು. ಯಾವುದೋ ಉತ್ಸವ. ಸಾಹುಕಾರರು ಗಲ್ಲಾ ತೆರೆದು 5,001 ರೂಪಾಯಿ ಎಣಿಸಿ ಕೊಟ್ಟರು. ಫ್ಲೆಕ್ಸಿನಲ್ಲಿ ಹೆಸರು ಬರುತ್ತದೆಂದು ಖಾತ್ರಿಯನ್ನೂ ಮಾಡಿಕೊಂಡರು. ಸಾಹುಕಾರರು ಕೆಟ್ಟವರಲ್ಲ ಸ್ವಾಮಿ. ಆ ರೈತ ಕೇಳಲಿಲ್ಲ, ಇವರಿಗೆ ಹೊಳೆಯಲಿಲ್ಲ, ಅಷ್ಟೆ. ಬರೆಯುವ ನಾನೇನು ಭಾರೀ ದೊಡ್ಡ ಮನುಷ್ಯನೆ? ಟವೆಲ್ ಕಟ್ಟಿಸಿಕೊಂಡು ಎದ್ದು ಬಂದೆ. ನನಗೂ ಹೊಳೆದದ್ದು ಬಸ್ಸಿನಲ್ಲಿ ಕೂತ ಮೇಲೆ.

ನಮ್ಮ ಊರು ದಾನಕ್ಕೆ ಹಿಂದೆ ಬಿದ್ದ ಊರಲ್ಲ. ಜಿಲ್ಲಾ ಆಸ್ಪತ್ರೆಯನ್ನು ಇವತ್ತಿಗೂ ಜನ ಚಿಗಟೇರಿ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ದಾನಿಯ ಮನೆತನದ ಹೆಸರು ರೋಗಿಯ ಬಾಯಲ್ಲಿ ಉಳಿದಿದೆ. ಡಿ.ಆರ್.ಎಂ. ಕಾಲೇಜಿನಲ್ಲಿ ಓದಿದ ಎಷ್ಟೋ ಮಂದಿಗೆ ಆ ಹೆಸರು ರಾಜನಹಳ್ಳಿ ಮದ್ದೂರಾಯಪ್ಪನವರದು ಎಂಬುದು ಗೊತ್ತಿರಲಿಕ್ಕಿಲ್ಲ. ವ್ಯಾಪಾರದಲ್ಲಿ ಗಳಿಸಿದ್ದನ್ನು ವಿದ್ಯೆಗೆ, ಆಸ್ಪತ್ರೆಗೆ ಸುರಿಯುವುದು ಈ ಊರಿನ ಹಳೆಯ ಚಾಳಿ.

ಆದರೆ ಈಚೆಗೆ ನಮ್ಮ ದಾನಕ್ಕೆ ಒಂದು ಕಾಯಿಲೆ ಅಂಟಿದೆ. ಹೆಸರು ಬರೆಯಲು ಜಾಗ ಇರುವ ವಸ್ತುವನ್ನೇ ಕೊಡುತ್ತೇವೆ. ಕಮಾನು, ಕಲ್ಲು ಬೆಂಚು, ನೀರಿನ ಕೂಲರ್. ಫ್ಯಾನಿನ ರೆಕ್ಕೆಯ ಮೇಲೂ ಹೆಸರು! ಕರೆಂಟು ಹೋದಾಗ ಮಾತ್ರ ದಾನಿ ಯಾರು ಅಂತ ಗೊತ್ತಾಗುವ ಪರಿಸ್ಥಿತಿ. ಓದುವ ಹುಡುಗಿಯ ಮೇಲೆ ಹೆಸರು ಬರೆಯಲಿಕ್ಕೆ ಬರುವುದಿಲ್ಲವಲ್ಲ, ಹಾಗಾಗಿ ಆಕೆ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಈಗ ಆಸ್ಪತ್ರೆಗೆ ಬನ್ನಿ. ರಾತ್ರಿ ಎರಡು ಗಂಟೆ. ಡಾಕ್ಟರು ರೌಂಡ್ಸ್ ಮುಗಿಸಿ ಹೋಗಿದ್ದಾರೆ. ಡ್ರಿಪ್ ಖಾಲಿಯಾಗಿದೆ, ತಾಯಿಗೆ ನಡುಕ ಬಂದಿದೆ. ಯಾರನ್ನು ಕೂಗುತ್ತೀರಿ? ‘ಸಿಸ್ಟರ್!’ ಅಂತ ತಾನೆ? ಬಾಯಿತುಂಬ ಅಕ್ಕ ಅಂತ ಕರೆದ ಮೇಲೆ ನಾವು ಆಕೆಯ ತವರಿನವರಾದೆವು. ತವರಿನವರು ಉಡಿ ತುಂಬುವ ಪದ್ಧತಿ ನಮ್ಮಲ್ಲಿ ಇಲ್ಲವೆ? ಮೇ 12ರ ದಾದಿಯರ ದಿನ ಒಂದು ಗುಲಾಬಿ ಹೂವು, ಒಂದು ಶಾಲು ಕೊಟ್ಟು ಫೋಟೋ ತೆಗೆಸಿಕೊಂಡರೆ ತೀರಿತೆ?

ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗಳಿಗೆ ಒಬ್ಬ ನರ್ಸ್, ಉಳಿದ ಸಾಮಾನ್ಯ ಆಸ್ಪತ್ರೆಗಳಲ್ಲಿ ಐದು ರೋಗಿಗಳಿಗೆ ಒಬ್ಬರು ಇರಬೇಕು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಲೆಕ್ಕ. ನೀವು ಕಂಡ ವಾರ್ಡಿನಲ್ಲಿ ಎಷ್ಟು ಮಂಚಕ್ಕೆ ಎಷ್ಟು ಜನ ಇದ್ದರು ಅಂತ ನೀವೇ ನೆನಪು ಮಾಡಿಕೊಳ್ಳಿ. ಜಗತ್ತಿನಲ್ಲಿ 59 ಲಕ್ಷ ನರ್ಸುಗಳ ಕೊರತೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತು. ಅದೇ ವರ್ಷ ಕೊರೊನಾ ಬಂತು. ಚಪ್ಪಾಳೆ ತಟ್ಟಿದೆವು, ತಟ್ಟೆ ಬಾರಿಸಿದೆವು. ಕಾಯಿಲೆ ಇಳಿಯಿತು, ತಟ್ಟೆ ಮತ್ತೆ ಅಡುಗೆಮನೆ ಸೇರಿತು.

ಜಿ.ಎನ್.ಎಂ. ಮೂರು ವರ್ಷದ ಓದು, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ್ದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಮತ್ತೇನು ಖರ್ಚು ಅಂತ ಕೇಳುವವರಿದ್ದಾರೆ. ಈ ಓದು ಬರೀ ಕ್ಲಾಸಿನದಲ್ಲ. ವಾರ್ಡಿನಲ್ಲಿ ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ ಎಲ್ಲಾ ಮಾಡಿಯೇ ಕಲಿಯಬೇಕು. ರಾತ್ರಿ ಪಾಳಿ ಮುಗಿಸಿದ ಹುಡುಗಿ ಹಳ್ಳಿಗೆ ಹೋಗಿ ಮತ್ತೆ ಬರಲಿಕ್ಕೆ ಆಗುತ್ತದೆಯೆ? ಹಾಸ್ಟೆಲ್ ಬೇಕು, ಮೆಸ್ ಬಿಲ್ಲು ಕಟ್ಟಬೇಕು, ಪುಸ್ತಕ ಬೇಕು, ಪರೀಕ್ಷಾ ಶುಲ್ಕ ಬೇಕು. ಮೊದಲನೇ ವರ್ಷ ಕಿವಿಯ ಓಲೆ ಅಡವಿಟ್ಟು ಕಟ್ಟುತ್ತಾರೆ. ಎರಡನೇ ವರ್ಷಕ್ಕೆ ಓಲೆ ಇರುವುದಿಲ್ಲ, ಮಳೆಯೂ ಇರುವುದಿಲ್ಲ.

ನರ್ಸಿಂಗ್ ಶಿಕ್ಷಣದ ಹುಟ್ಟೇ ಚಂದಾ ಎತ್ತಿದ ದುಡ್ಡಿನಿಂದ ಆಯಿತು ಎಂಬುದು ಎಷ್ಟು ಜನಕ್ಕೆ ಗೊತ್ತು? ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿದ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನಲ್ಲಿ 1855ರಲ್ಲಿ ಇಂಗ್ಲೆಂಡಿನ ಜನ ಒಂದು ನಿಧಿ ಎತ್ತಿದರು. 40,000 ಪೌಂಡಿಗೂ ಮೇಲೆ ಕೂಡಿತು. ಅದರಲ್ಲಿ ಸಿಪಾಯಿಗಳು ಕೊಟ್ಟ ಒಂದು ದಿನದ ಸಂಬಳವೂ ಇತ್ತು. ಆ ದುಡ್ಡಿನಲ್ಲೇ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆಯಿತು. ಕಲಿಯಲು ಬಂದ ಹೆಣ್ಣುಮಕ್ಕಳಿಗೆ ಊಟ, ವಸತಿ, ಯೂನಿಫಾರಂ ಎಲ್ಲಾ ನಿಧಿಯಿಂದಲೇ. ಮೇಲೆ ವರ್ಷಕ್ಕೆ 10 ಪೌಂಡ್ ಕೈಖರ್ಚು. ನೂರಾ ಅರವತ್ತು ವರ್ಷದ ಹಿಂದೆಯೇ ಅವರಿಗೆ ತಿಳಿದದ್ದು ಇಷ್ಟೆ: ಹೊಟ್ಟೆಗೆ, ಬಟ್ಟೆಗೆ ವ್ಯವಸ್ಥೆ ಮಾಡದೆ ಕಲಿ ಅಂದರೆ ಯಾರೂ ಕಲಿಯಲಾರರು.

ಇದೇನು ನಮಗೆ ಹೊಸದೆ? ವಾರಾನ್ನ ಉಂಡು ಓದಿದವರ ನಾಡು ಇದು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹಾಗೆ ಉಂಡ ಹುಡುಗರು ವಕೀಲರಾದರು, ಇಂಜಿನಿಯರಾದರು. ಮಠಗಳ ಸ್ವಾಮಿಗಳು ಜೋಳಿಗೆ ಹಾಕಿ ಜೋಳ ಎತ್ತಿ ಪ್ರಸಾದ ನಿಲಯ ನಡೆಸಿದರು. ಅವತ್ತು ಉಂಡವರು ಹೆಚ್ಚಿನಂಶ ಗಂಡುಹುಡುಗರೇ. ಇವತ್ತು ಹೆಣ್ಣುಮಕ್ಕಳ ಸರದಿ ಬಂದಾಗ ಎಲೆ ಎತ್ತಿಬಿಟ್ಟರೆ ಹೇಗೆ?

ದಾರಿ ನಿಮ್ಮ ಅಂಗಡಿಗೇ ದಿನಾ ಬರುತ್ತದೆ. ಪಿಗ್ಮಿ ಕಟ್ಟದ ಅಂಗಡಿಯವರು ಯಾರಿದ್ದಾರೆ? ಉಡುಪಿಯಲ್ಲಿ 1928ರಲ್ಲಿ ಟಿ.ಎಂ.ಎ. ಪೈಗಳ ಸಿಂಡಿಕೇಟ್ ಬ್ಯಾಂಕು ಶುರು ಮಾಡಿದ ಪದ್ಧತಿ ಅದು. ದಿನಕ್ಕೆ ಎರಡಾಣೆಯಿಂದ ಆರಂಭ. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಪಿಗ್ಮಿ ಪುಸ್ತಕ ಹಿಡಿದು ಬರುವವರು ಮಾತ್ರ ನಿಂತಿಲ್ಲ. ನಿಮ್ಮ ಬೀದಿಯ ವರ್ತಕರ ಸಂಘದ ಹೆಸರಿನಲ್ಲಿ ಒಂದು ಪಿಗ್ಮಿ ತೆಗೆಯಿರಿ. 40 ಅಂಗಡಿ, ಅಂಗಡಿಗೆ ದಿನಕ್ಕೆ 10 ರೂಪಾಯಿ. ಒಂದು ಟೀ ದುಡ್ಡು! ದಿನಕ್ಕೆ 400, ತಿಂಗಳಿಗೆ 12,000, ವರ್ಷಕ್ಕೆ 1,44,000. ಮೂವರು ಹುಡುಗಿಯರಿಗೆ ತಿಂಗಳಿಗೆ ತಲಾ 4,000 ಆಯಿತು. ಹರಿಹರದಿಂದ ದಿನಾ ಒಂದೇ ಬಸ್ಸಿಗೆ ಬರುವ ಹತ್ತು ನೌಕರರು ತಿಂಗಳಿಗೆ 300 ಹಾಕಿದರೆ ಇನ್ನೊಬ್ಬಳ ಮೆಸ್ ಬಿಲ್ಲಿಗೆ 3,000 ಹುಟ್ಟುತ್ತದೆ. ಹನಿಗೂಡಿದರೆ ಹಳ್ಳ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಈಗ ಮಾಡಿ ತೋರಿಸಬಹುದು.

ಆದರೆ ಮೂರು ಮಾತು ನೆನಪಿರಲಿ. ಒಂದು, ಹಿಡಿದವಳ ಕೈ ಓದು ಮುಗಿಯುವವರೆಗೆ ಬಿಡಬಾರದು. ಒಂದು ವರ್ಷ ಕೊಟ್ಟು ಕೈಬಿಡುವುದು ನಡುನೀರಿನಲ್ಲಿ ದೋಣಿಯಿಂದ ಇಳಿಸಿದ ಹಾಗೆ. ಎರಡು, ದುಡ್ಡು ಮೆಸ್ಸಿಗೆ, ಪುಸ್ತಕದ ಅಂಗಡಿಗೆ, ಪರೀಕ್ಷಾ ಶುಲ್ಕಕ್ಕೆ ನೇರವಾಗಿ ಹೋಗಲಿ, ರಸೀದಿ ಸಂಘದ ಫೈಲಿನಲ್ಲಿ ಇರಲಿ. ಮೂರು, ಹುಡುಗಿಯನ್ನು ವೇದಿಕೆಗೆ ಹತ್ತಿಸಿ ದೊಡ್ಡ ಚೆಕ್ಕು ಹಿಡಿಸಿ ಫೋಟೋ ತೆಗೆಸಬೇಡಿ. ನಾಳೆ ನಿಮಗೆ ಸೂಜಿ ಚುಚ್ಚುವ ಕೈ ಅದು, ಇವತ್ತು ಭಿಕ್ಷೆಗೆ ಚಾಚಿದ ಕೈ ಅಂತ ಜಗತ್ತಿಗೆ ಸಾರಬೇಡಿ.

ದುಡ್ಡು ಕೊಡಲಾಗದವರು ಅರ್ಜಿ ತುಂಬಿಸಿ ಕೊಡಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಪೋರ್ಟಲ್ ಇದೆ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಪದವಿಗೋ ಡಿಪ್ಲೊಮಾಕ್ಕೋ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ 2025ರಲ್ಲಿ ನಮ್ಮ ರಾಜ್ಯದಲ್ಲೂ ವರ್ಷಕ್ಕೆ 30,000 ರೂಪಾಯಿ ಕೊಡುವ ಯೋಜನೆ ತಂದಿತು. ಹಳ್ಳಿಯ ಅಪ್ಪನಿಗೆ ಇದೆಲ್ಲಾ ಎಲ್ಲಿ ಗೊತ್ತಾಗಬೇಕು? ಜೆರಾಕ್ಸ್ ಅಂಗಡಿಯವರು ಅರ್ಧ ಗಂಟೆ ಕೂತು ಅರ್ಜಿ ತುಂಬಿಕೊಟ್ಟರೆ ಅದೂ ದಾನವೇ.

‘ಕಲಿತು ದುಬೈಗೆ ಹಾರಿ ಹೋಗ್ತಾಳ್ರೀ, ನಮಗೇನು ಲಾಭ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಮ್ಮೂರ ಹುಡುಗ ಇಂಜಿನಿಯರಾಗಿ ಅಮೆರಿಕಕ್ಕೆ ಹೋದರೆ ಊರಿನ ಹೆಮ್ಮೆ ಅಂತ ಹಾರ ಹಾಕುತ್ತೀರಿ. ನರ್ಸಮ್ಮ ಹೋದರೆ ಮಾತ್ರ ನಷ್ಟವೆ? ಹೋದವಳು ಮನೆಗೆ ದುಡ್ಡು ಕಳಿಸುತ್ತಾಳೆ, ತಂಗಿಯನ್ನು ಓದಿಸುತ್ತಾಳೆ. ಎಲ್ಲರೂ ಹೋಗುವುದೂ ಇಲ್ಲ. ‘ಸರ್ಕಾರ ಮಾಡಬೇಕಾದ ಕೆಲಸ’ ಅನ್ನುವವರೂ ಇದ್ದಾರೆ. ಒಪ್ಪಿದೆ, ಸರ್ಕಾರವನ್ನು ಕೇಳೋಣ, ಬಿಡುವುದು ಬೇಡ. ಆದರೆ ಸರ್ಕಾರ ಏಳುವವರೆಗೆ ಈ ತಿಂಗಳ ಮೆಸ್ ಬಿಲ್ಲು ಕಾಯುವುದಿಲ್ಲ.

ಆ ಹುಡುಗಿ ಯಾರು, ಯಾವ ಕಾಲೇಜು ಅಂತ ನಾನು ಕೇಳಿಕೊಳ್ಳಲಿಲ್ಲ. ಅದೇ ನನ್ನ ತಪ್ಪು. ಮೊನ್ನೆ ಮತ್ತೆ ಆ ಅಂಗಡಿಗೆ ಹೋಗಿ ವಿಷಯ ತೆಗೆದೆ. ಸಾಹುಕಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಳೆಗಾಲದಾಗ ರಾತ್ರಿ ಒಗದ ಬಟ್ಟಿ ಮುಂಜಾನಿಗೆ ಒಣಗಂಗಿಲ್ರೀ’ ಅಂದರು. ಬಟ್ಟೆ ವ್ಯಾಪಾರದವರಿಗೆ ಅದು ಗೊತ್ತಿರುವ ಮಾತೇ. ಈ ಬೀದಿಯ ಪಿಗ್ಮಿಗೆ ಮೊದಲ ಹತ್ತು ರೂಪಾಯಿ ತಮ್ಮದು ಅಂದರು. ಎರಡನೆಯದು ನನ್ನದು. ಇನ್ನು 38 ಅಂಗಡಿ ಬಾಕಿ ಇವೆ, ನಿಮ್ಮದು ಯಾವುದು?