ಬೆರಳು ಬೆಚ್ಚಗಿದ್ದರೆ ಬ್ರೇಕು ಭದ್ರ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಕಾಲೇಜು ಹುಡುಗರಿಗೆ ನಂದಿಬೆಟ್ಟದ ಹುಚ್ಚು ಹಿಡಿಯುತ್ತದೆ. ಸೂರ್ಯೋದಯ ನೋಡಬೇಕಾದರೆ ಬೆಳಗಿನ ಜಾವವೇ ಮನೆ ಬಿಡಬೇಕು. ಅಮ್ಮ ಒತ್ತಾಯ ಮಾಡಿ ಸ್ವೆಟರ್ ಹಾಕಿಸುತ್ತಾರೆ. ಅಪ್ಪ ಗೇಟಿನ ತನಕ ಬಂದು ಹೆಲ್ಮೆಟ್ಟಿನ ಪಟ್ಟಿ ಬಿಗಿದಿದೆಯೋ ಇಲ್ಲವೋ ನೋಡುತ್ತಾರೆ. ಕೈಗಳ ಕಡೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ದೇವನಹಳ್ಳಿ ದಾಟುವ ಹೊತ್ತಿಗೆ ಬೆರಳುಗಳು ಮರಗಟ್ಟಿರುತ್ತವೆ. ಕ್ಲಚ್ ಹಿಡಿದದ್ದು ಗೊತ್ತಾಗುತ್ತದೆ, ಎಷ್ಟು ಹಿಡಿದದ್ದು ಎಂಬುದು ಗೊತ್ತಾಗುವುದಿಲ್ಲ.

ಇದು ಬರೀ ಚಳಿ ತಡೆದುಕೊಳ್ಳುವ ಪ್ರಶ್ನೆಯಲ್ಲ. ಬೆರಳಿನ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಕ್ಕೆ ಇಳಿದರೆ ಕೈಚಳಕ ಕುಂದತೊಡಗುತ್ತದೆ. ಇನ್ನೂ ಇಳಿದರೆ ಸ್ಪರ್ಶವೇ ಮಂಕಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿನಲ್ಲಿ 16 ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಮರಗಟ್ಟಿದ ಬೆರಳು ಬ್ರೇಕ್ ಒತ್ತಲು ಅರ್ಧ ಸೆಕೆಂಡು ತಡಮಾಡಿದರೂ ಸಾಕು, ಗಾಡಿ ಎಂಟು ಮೀಟರ್ ಮುಂದಕ್ಕೆ ಹೋಗಿರುತ್ತದೆ. ಎದುರಿಗೆ ಎಮ್ಮೆಯೋ, ಹಿಂದೀಪವಿಲ್ಲದ ಟ್ರ್ಯಾಕ್ಟರೋ ಇದ್ದರೆ ಆ ಎಂಟು ಮೀಟರೇ ಎಲ್ಲವೂ.

ಕರ್ನಾಟಕದಲ್ಲಿ ಅಂಥ ಚಳಿ ಎಲ್ಲಿದೆ ಎಂದು ಹಿರಿಯರು ಕೇಳಬಹುದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಬೀದರ್, ವಿಜಯಪುರಗಳಲ್ಲಿ ಕೆಲವು ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆದರೆ ಬೈಕ್ ಸವಾರನ ಚಳಿಯನ್ನು ಥರ್ಮಾಮೀಟರ್ ಪೂರ್ತಿ ಹೇಳುವುದಿಲ್ಲ, ಗಾಳಿಯ ಲೆಕ್ಕವನ್ನೂ ಸೇರಿಸಬೇಕು. ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ 10 ಡಿಗ್ರಿ ಚಳಿಯಲ್ಲಿ 60 ಕಿ.ಮೀ. ವೇಗದ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು 5 ಡಿಗ್ರಿಯಂತೆ ತಾಗುತ್ತದೆ. 5 ಡಿಗ್ರಿ ಇದ್ದರೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿನ ಅನುಭವ. ಹ್ಯಾಂಡಲ್ ಹಿಡಿದ ಕೈಗಳಂತೂ ಮೈಗಿಂತ ಮುಂದೆ ಚಾಚಿಕೊಂಡು ಗಾಳಿಗೆ ಎದೆಯೊಡ್ಡಿರುತ್ತವೆ.

ಇದಕ್ಕೆ ಮಳೆ ಸೇರಿದರೆ ಕಥೆಯೇ ಬೇರೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಮೇಲಾಗಿ, ಒದ್ದೆ ಬಟ್ಟೆಯ ನೀರು ಆವಿಯಾಗುವಾಗ ಅದಕ್ಕೆ ಬೇಕಾದ ಶಾಖವನ್ನು ಕೈಯಿಂದಲೇ ಕಿತ್ತುಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಾಗುವ ತತ್ವವೇ ಇದು. ಆದ್ದರಿಂದಲೇ ಮಡಿಕೇರಿ, ಸಕಲೇಶಪುರ, ಆಗುಂಬೆಯ ಕಡೆ ಜುಲೈ ತಿಂಗಳಲ್ಲಿ ಬೈಕಿನಲ್ಲಿ ಕಾಲೇಜಿಗೆ ಹೋಗುವ ವಿದ್ಯಾರ್ಥಿಯ ಬೆರಳುಗಳು ಜನವರಿಗಿಂತಲೂ ಹೆಚ್ಚು ಸೆಡೆತುಕೊಳ್ಳುತ್ತವೆ. ನಮ್ಮ ರಾಜ್ಯದ ಮಟ್ಟಿಗೆ ಕೈಗವಸು ಮೊದಲು ನೀರನ್ನು ತಡೆಯಬೇಕು, ನಂತರ ಗಾಳಿಯನ್ನು. ದಪ್ಪ ಅಸ್ತರಿನ ಮಾತು ಆಮೇಲಿನದು. ಅಂಗಡಿಗಳಲ್ಲಿ ಹುಡುಗರು ಆರಿಸುವುದು ಇದಕ್ಕೆ ತಿರುಗುಮುರುಗಾಗಿ: ಮೊದಲು ಬಣ್ಣ, ನಂತರ ದಪ್ಪ, ಕೊನೆಗೆ ಬಿಲ್ಲು.

ಚಳಿಗಾಲದಲ್ಲಿ ಟಿಬೆಟನ್ನರು ರಸ್ತೆ ಬದಿಯಲ್ಲಿ ಮಾರುವ ಉಣ್ಣೆಯ ಕೈಗವಸು ನಡೆದಾಡುವವರಿಗೆ ಸೊಗಸು. ಬೈಕಿನ ಮೇಲೆ ಮಾತ್ರ ಗಾಳಿ ಅದರ ಹೆಣಿಗೆಯ ಸಂದುಗಳಲ್ಲಿ ನುಗ್ಗಿ ಬಿಡುತ್ತದೆ. ಉಣ್ಣೆ ಬೆಚ್ಚಗಿಡುವುದೇ ಎಳೆಗಳ ನಡುವೆ ನಿಂತ ಗಾಳಿಯಿಂದ. ಆ ಗಾಳಿ ಓಡಿಹೋದರೆ ಉಳಿಯುವುದು ಬರೀ ದಾರ. ಅದರ ಮೇಲೆ ಗಾಳಿ ತಡೆಯುವ ಒಂದು ಪದರ ಬೇಕು. ತೀರಾ ಕಡಿಮೆ ಖರ್ಚಿನ ಉಪಾಯವೆಂದರೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸನ್ನು ಒಂದು ಅಳತೆ ದೊಡ್ಡದು ತಂದು ಮೇಲೆ ಹಾಕಿಕೊಳ್ಳುವುದು. ನೋಡಲು ಚೆಂದವಿಲ್ಲ, ಸ್ನೇಹಿತರು ನಗುತ್ತಾರೆ, ಒಳಗೆ ಬೆವರು ನಿಲ್ಲುತ್ತದೆ. ಆದರೂ ಹತ್ತಿಪ್ಪತ್ತು ನಿಮಿಷದ ಕಾಲೇಜು ದಾರಿಗೆ ಸಾಕು. ಬಿದ್ದಾಗ ಮಾತ್ರ ಇದು ಅಂಗೈಯನ್ನು ಉಳಿಸುವುದಿಲ್ಲ ಎಂಬುದು ನೆನಪಿರಬೇಕು. ಬೀಳುವವನು ಮೊದಲು ನೆಲಕ್ಕೆ ಊರುವುದೇ ಅಂಗೈಯನ್ನು.

ಬೈಕಿಗೆಂದೇ ತಯಾರಾದ ಚಳಿಗಾಲದ ಕೈಗವಸಿನಲ್ಲಿ ಸಾಮಾನ್ಯವಾಗಿ ಮೂರು ಪದರಗಳು. ಹೊರಗೆ ಚರ್ಮ ಅಥವಾ ಗಟ್ಟಿ ನೈಲಾನ್, ಒಳಗೆ ಬೆಚ್ಚನೆಯ ಅಸ್ತರು, ಇವೆರಡರ ನಡುವೆ ನೀರು ತಡೆಯುವ ತೆಳುವಾದ ಪೊರೆ. ಈ ಪೊರೆಯದೊಂದು ಸ್ವಾರಸ್ಯದ ಕಥೆ. 1969ರಲ್ಲಿ ಅಮೆರಿಕದ ಬಾಬ್ ಗೋರ್, ಟೆಫ್ಲಾನ್ ಎಂದು ಜನ ಬಲ್ಲ ಪಿಟಿಎಫ್‌ಇ ವಸ್ತುವಿನ ದಂಡಗಳನ್ನು ಕಾಯಿಸಿ ನಿಧಾನವಾಗಿ ಹಿಗ್ಗಿಸಲು ನೋಡುತ್ತಿದ್ದರು. ಅವು ಮುರಿಯುತ್ತಲೇ ಇದ್ದವು. ಬೇಸತ್ತು ಒಂದನ್ನು ಒಮ್ಮೆಲೇ ಜಗ್ಗಿದಾಗ ಅದು ಮುರಿಯುವ ಬದಲು ಉದ್ದಕ್ಕೆ ಹಿಗ್ಗಿತು! ಹಿಗ್ಗಿದ ವಸ್ತುವಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಮಳೆಹನಿ ಅವುಗಳಲ್ಲಿ ತೂರದಷ್ಟು ದೊಡ್ಡದು. ಬೆವರಿನ ಆವಿಯ ಕಣ ಸಲೀಸಾಗಿ ಹೊರಹೋಗುವಷ್ಟು ಚಿಕ್ಕದು. ಗೋರ್‌ಟೆಕ್ಸ್ ಹುಟ್ಟಿದ್ದು ಹೀಗೆ. ಇಂದು ಬೇರೆ ಬೇರೆ ಹೆಸರಿನ, ಬೇರೆ ವಸ್ತುಗಳ ಪೊರೆಗಳೂ ಬಂದಿವೆ, ಬೆಲೆಯೂ ಕಡಿಮೆ.

ಅಂಗಡಿಯವನು 'ವಾಟರ್‌ಪ್ರೂಫ್' ಎಂದ ಮಾತ್ರಕ್ಕೆ ನಂಬಬೇಕಾಗಿಲ್ಲ. ಹೊರ ಬಟ್ಟೆಗೆ ನೀರು ಜಾರುವ ಲೇಪ ಹಚ್ಚಿದ್ದನ್ನೂ ಕೆಲವರು ಹಾಗೆಯೇ ಕರೆಯುತ್ತಾರೆ. ಲೇಪ ತುಂತುರಿಗೆ ಸರಿ, ಜಡಿಮಳೆಗೆ ಅಲ್ಲ. ಒಳಗೆ ಪೊರೆ ಇದೆಯೇ ಎಂದು ಚೀಟಿಯಲ್ಲಿ ಓದಿ ನೋಡಬೇಕು. ಪೊರೆ ಇದ್ದರೂ ಅದು ಹೊರಚರ್ಮಕ್ಕೂ ಅಸ್ತರಿಗೂ ಸರಿಯಾಗಿ ಅಂಟಿರಬೇಕು. ಇಲ್ಲವಾದರೆ ಒದ್ದೆ ಕೈಯನ್ನು ಹೊರಗೆಳೆದಾಗ ಅಸ್ತರೂ ಬೆರಳಿನ ಜೊತೆ ಕಿತ್ತು ಬರುತ್ತದೆ, ಮತ್ತೆ ಅದನ್ನು ಒಳಗೆ ತೂರಿಸುವಷ್ಟರಲ್ಲಿ ಕಾಲೇಜಿನ ಮೊದಲ ಪೀರಿಯಡ್ ಮುಗಿದಿರುತ್ತದೆ. ಅಂಗಡಿಯಲ್ಲೇ ಬೆರಳ ತುದಿಯ ಅಸ್ತರನ್ನು ಮೆಲ್ಲಗೆ ಜಗ್ಗಿ ಪರೀಕ್ಷಿಸಬಹುದು.

ಅಳತೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಬಿಗಿಯಾದ ಗ್ಲೌಸ್ ಬೆಚ್ಚಗಿರುತ್ತದೆ ಎಂಬುದು ತಪ್ಪು. ಬಿಗಿದಾಗ ಅಸ್ತರು ಅದುಮಿಕೊಂಡು ಅದರೊಳಗಿನ ಗಾಳಿ ಹೋಗುತ್ತದೆ, ರಕ್ತದ ಓಡಾಟಕ್ಕೂ ತಡೆಯಾಗುತ್ತದೆ. ಹೆಬ್ಬೆರಳನ್ನು ಬಿಟ್ಟು ಅಂಗೈಯ ಸುತ್ತಳತೆ ತೆಗೆದುಕೊಂಡು ಕಂಪನಿಯ ಅಳತೆಪಟ್ಟಿಯೊಂದಿಗೆ ಹೋಲಿಸಬೇಕು. ಹಾಕಿಕೊಂಡು ಕೈ ಚಾಚಿ ನೋಡಿದರೆ ಸಾಲದು, ಗಾಡಿಯ ಹ್ಯಾಂಡಲ್ ಹಿಡಿದೇ ನೋಡಬೇಕು. ಆಗ ಬೆರಳ ತುದಿ ತಾಗದೆ ಒಂದಿಷ್ಟು ಜಾಗ ಉಳಿಯಬೇಕು. ಇಂಡಿಕೇಟರ್, ಹಾರ್ನ್ ಗುಂಡಿಗಳನ್ನು ನೋಡದೆಯೇ ಒತ್ತಲು ಬರಬೇಕು. ಬಾರದಿದ್ದರೆ ಎಷ್ಟೇ ಬೆಚ್ಚಗಿದ್ದರೂ ಅದು ಬೇಡ. ಮೊಬೈಲ್ ಮುಟ್ಟಲೆಂದು ತೋರುಬೆರಳಿಗೆ ವಿಶೇಷ ಬಟ್ಟೆ ಹಾಕಿರುವುದಕ್ಕೆ ಹೆಚ್ಚು ದುಡ್ಡು ಕೊಡುವ ಹುಡುಗರಿದ್ದಾರೆ. ಅದಿಲ್ಲದ್ದನ್ನು ಕೊಡಿಸುವ ತಂದೆ ಜಾಣ.

ಬಿದ್ದಾಗ ಕಾಯುವ ಗುಣಕ್ಕೆ ಯುರೋಪಿನ ಇಎನ್ 13594 ಎಂಬ ಮಾನದಂಡವಿದೆ. ಚೀಟಿಯಲ್ಲಿ ಆ ಸಂಖ್ಯೆಯೂ 1 ಅಥವಾ 2 ಎಂಬ ಮಟ್ಟವೂ ಇದ್ದರೆ ಒಳ್ಳೆಯದು. 'ಕೆಪಿ' ಎಂದಿದ್ದರೆ ಗೆಣ್ಣುಗಳ ರಕ್ಷಣೆಯೂ ಪರೀಕ್ಷೆಯಾಗಿದೆ ಎಂದರ್ಥ. ಮಣಿಕಟ್ಟಿನ ಪಟ್ಟಿ ಬಿಗಿದ ಮೇಲೆ ಇನ್ನೊಬ್ಬರು ಬೆರಳ ತುದಿ ಹಿಡಿದು ಜಗ್ಗಿದರೆ ಕೈಗವಸು ಕಳಚಿ ಬರಬಾರದು. ಮಳೆಗಾಲದಲ್ಲಿ ಅದರ ಉದ್ದನೆಯ ತೋಳಿನ ಮೇಲೆ ರೇನ್‌ಕೋಟಿನ ತೋಳು ಬರಬೇಕು. ಉಲ್ಟಾ ಆದರೆ ಭುಜದಿಂದ ಇಳಿದ ನೀರೆಲ್ಲ ನೇರವಾಗಿ ಬೆರಳಿಗೇ ತಲುಪಿ, ಒಳಗೆ ಬಂದ ನೀರನ್ನು ಅದೇ ಪೊರೆ ಹೊರಗೆ ಬಿಡದೆ ಹಿಡಿದಿಡುತ್ತದೆ.

ಇನ್ನೊಂದು ವಿಷಯವನ್ನು ಶರೀರಶಾಸ್ತ್ರ ಓದುವ ಮಕ್ಕಳು ಮನೆಯವರಿಗೆ ವಿವರಿಸಬಹುದು. ಮೈಗೆ ಚಳಿಯಾದಾಗ ಹೃದಯ, ಮಿದುಳುಗಳನ್ನು ಬೆಚ್ಚಗಿಡಲು ದೇಹ ಮೊದಲು ಕೈಕಾಲುಗಳ ರಕ್ತವನ್ನು ಕಡಿಮೆ ಮಾಡುತ್ತದೆ. ಬೆರಳು ಮಡಿಸುವ ಮುಖ್ಯ ಸ್ನಾಯುಗಳಿರುವುದಂತೂ ಮುಂಗೈಯಲ್ಲಿ. ತೆಳು ಅಂಗಿ ತೊಟ್ಟು ದುಬಾರಿ ಗ್ಲೌಸ್ ಹಾಕುವುದು ವ್ಯರ್ಥ. ಗಾಳಿ ತಡೆಯುವ ಜಾಕೆಟ್ ಇಲ್ಲದ ಹುಡುಗನಿಗೆ ಮೊದಲು ಅದನ್ನು ಕೊಡಿಸಿ, ಉಳಿದ ಹಣದಲ್ಲಿ ಸಾಧಾರಣ ಕೈಗವಸು ತಂದರೂ ನಡೆದೀತು.

ಡಿಗ್ರಿ ಪರೀಕ್ಷೆ ಮುಗಿಸಿ ಲಡಾಖ್‌ಗೆ ಹೊರಡುತ್ತೇವೆನ್ನುವ ಮಕ್ಕಳಿಗೆ ಈ ಲೆಕ್ಕ ಸಾಲದು. 2020ರಲ್ಲಿ ತೆರೆದ ಅಟಲ್ ಸುರಂಗದಿಂದ 3,978 ಮೀಟರ್ ಎತ್ತರದ ರೋಹ್ತಾಂಗ್ ತಪ್ಪುತ್ತದೆ, ನಿಜ. ಆದರೆ ಮುಂದೆ ಬಾರಾಲಾಚಾ ಇದೆ, ಖಾರ್ದುಂಗ್ ಲಾ ಇದೆ. 5,359 ಮೀಟರ್ ಎತ್ತರದ ಖಾರ್ದುಂಗ್ ಲಾದಲ್ಲಿ ಜೂನ್‌ನಲ್ಲೂ ಹಿಮ ಬೀಳಬಹುದು. ಕರಗಿದ ಹಿಮದ ನೀರು ರಸ್ತೆಗೆ ಅಡ್ಡ ಹರಿಯುತ್ತಿರುತ್ತದೆ. ಅಲ್ಲಿಗೆ ಎರಡು ಜೊತೆ ಬೇಕೇ ಬೇಕು: ಬಯಲಿನ ಬಿಸಿಲಿಗೆ ತೆಳುವಾದದ್ದು, ಕಣಿವೆಮಾರ್ಗಗಳಿಗೆ ಪೊರೆಯುಳ್ಳ ದಪ್ಪನೆಯದು. ದಪ್ಪನೆಯದನ್ನು ಬ್ಯಾಗಿನ ತಳದಲ್ಲಿ ಇಡದೆ ಕೈಗೆ ಸಿಗುವಂತೆ ಮೇಲಿಡಬೇಕು. ದೆಹಲಿ, ಪಂಜಾಬ್ ಕಡೆ ಚಳಿಗಾಲದಲ್ಲಿ ಹ್ಯಾಂಡಲ್ಲಿಗೇ ಹಾಕುವ ದೊಡ್ಡ ಕವರುಗಳು ಸಿಗುತ್ತವೆ. ಬೆಚ್ಚಗೇನೋ ಇರುತ್ತವೆ, ಆದರೆ ಬೀಳುವಾಗ ಕೈ ತಟ್ಟನೆ ಹೊರಬರುವುದೇ ಎಂದು ನಿಂತಲ್ಲೇ ನೋಡಿಕೊಂಡು ಹೊರಡಬೇಕು.

ಒದ್ದೆಯಾದ ಕೈಗವಸನ್ನು ಬಿಸಿ ಸೈಲೆನ್ಸರ್ ಮೇಲೋ, ಒಲೆಯ ಪಕ್ಕದಲ್ಲೋ ಒಣಗಿಸಿದರೆ ಚರ್ಮ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ಒಳಗೆ ಹಳೆಯ ಪತ್ರಿಕೆಯ ಹಾಳೆ ತುರುಕಿ ನೆರಳಿನಲ್ಲಿ, ಗಾಳಿಯಾಡುವ ಕಡೆ ತೂಗುಹಾಕಬೇಕು. ಒಂದೆರಡು ಗಂಟೆಗೊಮ್ಮೆ ಹಾಳೆ ಬದಲಿಸಿದರೆ ಮರುದಿನದ ತರಗತಿಗೆ ಬಹುಮಟ್ಟಿಗೆ ಒಣಗಿರುತ್ತದೆ.